ಪ್ರಯಾಣದ ಉದ್ದೇಶ

"ಯಾಕೆ ಹೋಗ್ತಿದ್ದೀರಿ, ಅಂಕಲ್?"
ಸೈಬರ್ ಅಂಗಡಿಯ ಹುಡುಗ ಕೀಲಿಯ ಮೇಲೆ ಬೆರಳಿಟ್ಟು ಕಾದ.
ಇವರು ನನ್ನ ಮುಖ ನೋಡಿದರು.
ಮೂವತ್ತೊಂದು ವರ್ಷದಲ್ಲಿ ನಾವು ಬಸ್ಸು ಹತ್ತಿದ್ದೆಲ್ಲ
ಮದುವೆಗೆ, ಬೊಜ್ಜಕ್ಕೆ, ಕೋಲಕ್ಕೆ,
ಒಮ್ಮೆ ಗಡಿಕಲ್ಲಿನ ತಕರಾರಿಗೆ.
ಸುಮ್ಮನೆ ಎಂಬ ಊರಿಗೆ
ನಮ್ಮಲ್ಲಿ ಯಾರು ಟಿಕೆಟ್ಟು ತೆಗೆದಿದ್ದರು?

"ಟೂರಿಸಂ" ಅಂತ ಅವನೇ ಒತ್ತಿಕೊಂಡ.

ಕನ್ನಡಕ ಇಲ್ಲದ ಫೋಟೋ ಬೇಕಂತೆ.
ತೆಗೆದರು. ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ಕಪ್ಪು;
ಯಾರೋ ಗಂಡಸು ನನ್ನ ಗಂಡನ ಅಂಗಿ ತೊಟ್ಟು ಕೂತಿದ್ದ.
ನನ್ನ ಹೆಸರು ಬೇಬಿ ಸಾಲಿಯಾನ್. ವಯಸ್ಸು ಐವತ್ತೆರಡು.
ಹುಡುಗ ಎರಡೂ ಸಾಲನ್ನು ಎರಡೆರಡು ಸಲ ಓದಿದ.

ರಾತ್ರಿ ಬಿಲ್ ಬುಕ್ಕಿನ ಬೆನ್ನ ಮೇಲೆ ಲೆಕ್ಕ.
ಹತ್ತು ಸಾವಿರ ರೂಪಾಯಿಗೆ ವಿಯೆಟ್ನಾಮಿನಲ್ಲಿ
ಹತ್ತಿರ ಹತ್ತಿರ ಮೂವತ್ತು ಲಕ್ಷ ಡಾಂಗು.
ಸಾಕಿನಾಕಾದ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಚಿಲ್ಲರೆ ಎಣಿಸಿದ ಮನುಷ್ಯ
ಸೊನ್ನೆಗಳನ್ನು ಸಾಲಾಗಿ ನಿಲ್ಲಿಸಿ
"ಒಂದು ಚಾಕ್ಕೆ ಎಷ್ಟು ಸಾವಿರ, ಕೇಳಿಕೋ" ಎಂದು ನಗುತ್ತಾರೆ.
ಗಡಿಯಾರ ಅಲ್ಲಿ ಒಂದೂವರೆ ಗಂಟೆ ಮುಂದೆ:
ಇಡ್ಲಿ ಇಡಲು ನಾಲ್ಕೂವರೆಗೆ ಎದ್ದರೆ ಅಲ್ಲಿ ಆರು.
"ಹಾಗಾದರೆ ಅಲ್ಲಿ ನಾನು ತಡವಾಗಿ ಏಳುವವನು!"

ಆರು ದಿನ ಕ್ಯಾಂಟೀನು ಸದಾಶಿವನ ಕೈಗೆ.
ಅವನಿಗೊಂದು ಪಟ್ಟಿ, ನಮ್ಮದಕ್ಕಿಂತ ಉದ್ದ:
ಹಾಲಿನವನ ಬಾಕಿ, ಗ್ರೈಂಡರಿನ ಸಿಟ್ಟು,
ಎರಡನೇ ಮಹಡಿಯ ಸಕ್ಕರೆ ಇಲ್ಲದ ಕಾಪಿ.

ಬ್ಯಾಗು ತೂಗಿಸಿದ್ದು ಯಾದವನ ರದ್ದಿ ಅಂಗಡಿಯಲ್ಲಿ,
ಪೇಪರಿನ ಕಟ್ಟು, ರೆಕ್ಕೆ ಮುರಿದ ಫ್ಯಾನು, ನಡುವೆ ನಮ್ಮ ಹೊಸ ಬ್ಯಾಗು.
ಇಪ್ಪತ್ತೆರಡು ಕಿಲೋ. ಬಿಡುವುದು ಇಪ್ಪತ್ತು.
ಅಲ್ಲೇ ಫುಟ್‌ಪಾತಿನಲ್ಲಿ ಕೂತು ಜಿಪ್ಪು ಎಳೆದೆ.
ಕುಚ್ಚಲಕ್ಕಿ ಹೊರಗೆ.
ಒಣಕೊಬ್ಬರಿ ಹೊರಗೆ (ಅದು ವಿಮಾನದಲ್ಲಿ ಬೆಂಕಿ ಹಿಡಿಯುತ್ತದಂತೆ,
ನಮ್ಮ ಅಟ್ಟದಲ್ಲಿ ಎಂದೂ ಹಿಡಿದಿಲ್ಲ).
ಚಟ್ನಿಪುಡಿ ಒಳಗೆ. ಅದರ ಮಾತೇ ಬೇಡ.
ಯಾದವ ಬಗ್ಗಿ ನೋಡಿ ಕೇಳಿದ:
"ಇದನ್ನೆಲ್ಲ ಮಾರ್ತೀರಾ?"

ನಮ್ಮ ಅಸಲ್ಫಾ ಗುಡ್ಡದ ಮೇಲೆ
ಇಳಿಯುವ ವಿಮಾನಗಳೇ ಹಾಯುವುದು,
ಚಕ್ರ ಬಿಚ್ಚಿ, ಹೊಟ್ಟೆ ತೋರಿಸಿಕೊಂಡು.
ಪಾತ್ರೆ ನಡುಗುವುದರಲ್ಲೇ ದೊಡ್ಡದೋ ಸಣ್ಣದೋ ಹೇಳಬಲ್ಲೆ.
ಏರುವುದು ಆಚೆ, ಸಮುದ್ರದ ಕಡೆಗೆ.
ಅದನ್ನು ನಾವು ಕಂಡಿಲ್ಲ.

ನಿನ್ನೆ ಇವರು ಏಣಿ ತಂದು ತಗಡಿನ ಮೇಲೆ ಹತ್ತಿದರು.
ಕೆಳಗಿನಿಂದ ನಾನು: "ಬಿದ್ದೀರಿ!
ಇನ್ಶೂರೆನ್ಸು ಶುರುವಾಗುವುದೇ ಗುರುವಾರ!"
ಮೇಲೆ ಎಲ್ಲರ ಟಾರ್ಪಾಲೂ ನೀಲಿ.
ನಮ್ಮದರ ಮೇಲೆ ಸ್ನಾನದ ಕೆಂಪು ಬಕೆಟ್ಟು ಬೋರಲು ಹಾಕಿ,
ಹಾರದಂತೆ ಇಟ್ಟಿಗೆ ಹೇರಿ,
ಇಳಿದು ಬಂದು, ಕೈ ಒರೆಸಿ, ಪಟ್ಟಿ ಬಿಡಿಸಿ ಬರೆದರು:
ವಾಪಸು ಬರುವಾಗ ಕಿಟಕಿ ಸೀಟು.
ಎಡಗಡೆಯೋ ಬಲಗಡೆಯೋ,
ಇನ್ನೂ ಯಾರನ್ನಾದರೂ ಕೇಳಬೇಕು.

ಇವತ್ತು ಇಬ್ಬರದೂ ಎಣ್ಣೆ ಡಬ್ಬಿಯಲ್ಲೇ ಸ್ನಾನ.