ಐದು ಮುಚ್ಚಳ

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತೇನೆ.
ಯಾವ ಕಂಪನಿ, ಎಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ
ಅದೆಲ್ಲ ಆಮೇಲೆ.
ಹೊಸ ಪೆಟ್ರೋಲಿಗೆ ಮೂಗಿನ ತುದಿ ಚುರುಗುಟ್ಟುತ್ತದೆ.
ಹಳತಾದದ್ದು ವಾರ್ನಿಷ್ ಬಳಿದ ಬೆಂಚಿನ ಹಾಗೆ
ಗಂಟಲಲ್ಲೇ ಕೂತುಬಿಡುತ್ತದೆ.

ಗುತ್ಯಮ್ಮ ಬಂದದ್ದು ರಿಪ್ಪನ್‌ಪೇಟೆಯ ಸಂತೆಯ ದಿನ.
ವೀಡ್ ಕಟ್ಟರು ಹೆಗಲ ಮೇಲೆ ಅಡ್ಡ.
ಕಂಡಕ್ಟರು ಅದಕ್ಕೂ ಅರ್ಧ ಟಿಕೇಟು ಹರಿದನಂತೆ,
ಮೂಸಲಿಲ್ಲ, ಪುಣ್ಯ.
"ಎಳೆದೂ ಎಳೆದೂ ರಟ್ಟೆ ಬಿತ್ತು ಸಾಬ್ರೇ.
ಎರಡು ಸಲ ಕೆಮ್ತದೆ, ಸುಮ್ಮನಾಗ್ತದೆ."

"ಯಾವಾಗಿಂದು ಈ ಪೆಟ್ರೋಲು?"
"ರೇಟು ಏರ್ತದೆ ಅಂತ ಯಾರೋ ಅಂದ್ರು.
ನಮ್ಮವರು ಹತ್ತು ಲೀಟರ್ ತಂದಿಟ್ರು, ಮಂಚದಡಿ.
ದೀಪಾವಳಿ ಹೊತ್ತಿಗೆ."
ಈಗ ಆಷಾಢ ಮುಗಿಯುತ್ತ ಬಂದಿದೆ.
ಮಂಚದ ಮೇಲೆ ಮಲಗುವವರು ಬೀಡಿ ಸೇದುತ್ತಾರೋ ಇಲ್ಲವೋ
ನಾನು ಕೇಳಲಿಲ್ಲ.
ಅವಳೇ ಅಂದಳು: "ಸೇದ್ತಾರೆ."

ಗಾಜಿನ ಬಾಟಲಿಗೆ ಸುರಿದು ಬೆಳಕಿಗಿಟ್ಟೆ.
ಚಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ
ಬಾಟಲಿಯ ಕಾಲಬುಡದಲ್ಲಿ ಗೆರೆ ಬಿದ್ದಿತ್ತು.

ಎಣ್ಣೆಗೂ ನೀರಿಗೂ ಮಾತುಕತೆಯಿಲ್ಲ ಅಂತ
ಅಬ್ಬಾಜಾನ್ ಕಲಿಸಿದ್ದು. ಅವರ ಕಾಲಕ್ಕೆ ಅದು ಸರಿ.
ಈಗ ಬಂಕಿನಲ್ಲಿ ಸಿಗುವುದಕ್ಕೆ ಕಬ್ಬಿನ ಸ್ಪಿರಿಟ್ ಸೇರಿದೆ,
ಅದಕ್ಕೆ ಮದುವೆ ದಲ್ಲಾಳಿಯ ಬುದ್ಧಿ.
ಗಾಳಿಯಲ್ಲಿದ್ದ ನೀರನ್ನು ಕೈಹಿಡಿದು ತಂದು
ಪೆಟ್ರೋಲಿನ ಪಕ್ಕ ಕೂರಿಸುತ್ತದೆ.
ನಮ್ಮ ಗಾಳಿಯಲ್ಲೋ ನೀರಿಗೆ ಬರವಿಲ್ಲ,
ಗೋಡೆಯ ಕ್ಯಾಲೆಂಡರಿಗೂ ಜುಲೈಯಲ್ಲಿ ಬೂಸ್ಟು.
ಒಂದಷ್ಟು ದಿನ ಸಂಸಾರ. ನೀರು ಹೆಚ್ಚಾಯಿತೋ
ದಲ್ಲಾಳಿ ಅದರ ಜೊತೆಗೇ ಓಡಿಹೋಗಿ
ತಳದಲ್ಲಿ ಮನೆ ಹೂಡುತ್ತಾನೆ.
ಎಂಜಿನ್ನು, ಪಾಪ, ಹೀರುವುದು ತಳದಿಂದ.

"ನಮ್ಮೂರಲ್ಲೂ ಒಬ್ಬ ಇದ್ದ ಅಂಥವ," ಅಂದಳು ಗುತ್ಯಮ್ಮ.
ಹೆಸರು ಹೇಳಲಿಲ್ಲ.

ಕಾರ್ಬೊರೇಟರ್ ಬಿಚ್ಚಿದೆ.
ಸೂಜಿಮೊನೆಯಷ್ಟು ತೂತು, ಅದರಲ್ಲಿ ಹಸಿರು ಕಿಲುಬು.
ಡಯಾಫ್ರಮ್ಮು ನಿನ್ನೆಯ ಹಪ್ಪಳದ ಹಾಗೆ ಸೆಟೆದಿತ್ತು.

"ಆಯಿಲ್ ಎಷ್ಟು ಬೆರೆಸ್ತೀರಿ?"
"ಅವರದ್ದು ಕಣ್ಣಂದಾಜು. ಬಣ್ಣ ಬಂದ್ರೆ ಸಾಕು ಅಂತಿದ್ರು.
ಈಗ ಬೆನ್ನು ಹಿಡಿದು ಮಲಗಿದಾರೆ.
ಮಿಷನ್ನು ನಾನೇ ಹೊರ್ತೀನಿ. ಗಂಟೆಗೆ ಮುನ್ನೂರು,
ಹೆಂಗಸು ಅಂತ ಇನ್ನೂರೈವತ್ತು ಮಾಡ್ತಾರೆ.
ಹುಲ್ಲಿಗೆ ಗೊತ್ತಾಗ್ತದಾ ಸಾಬ್ರೇ, ಹೆಂಗಸೋ ಗಂಡಸೋ?"

ಹೇಳಿದೆ: ಇದು ಟೂ ಸ್ಟ್ರೋಕು, ಇದಕ್ಕೆ ಆಯಿಲು ಬೇರೆ ಬಡಿಸುವುದಿಲ್ಲ,
ಉಣ್ಣುವ ಅನ್ನದಲ್ಲೇ ತುಪ್ಪ ಕಲೆಸಬೇಕು.
ಕಮ್ಮಿಯಾದರೆ ಪಿಸ್ಟನ್ ಕಚ್ಚುತ್ತದೆ, ಹೆಚ್ಚಾದರೆ ಬರೀ ಹೊಗೆ.
ನಿಮ್ಮ ಮಿಷನ್ನಿಗೆ ಲೀಟರಿಗೆ ಇಪ್ಪತ್ತೈದು ಎಂಎಲ್.

ಎಂಎಲ್ ಅಂದಾಗ ಕಣ್ಣು ಸಣ್ಣಗಾಯಿತು.
ಆಮೇಲೆ ಕೈಚೀಲ ತಡಕಿದಳು.
ಮೊಮ್ಮಗಳಿಗೆ ಆಗಷ್ಟೇ ಕೊಂಡ ಕೆಮ್ಮಿನ ಸಿರಪ್ಪು,
ಅದರ ತಲೆಯ ಮೇಲೆ ಕವುಚಿದ ಪ್ಲಾಸ್ಟಿಕ್ ಮುಚ್ಚಳ,
ಒಳಗೆ ಐದರ ಗೆರೆ.
"ಹಂಗಾದ್ರೆ ಇಂಥವು ಐದು."
ನಾನಿನ್ನೂ ಬೆರಳು ಮಡಿಸುತ್ತಿದ್ದೆ.

"ಈಗ ನಾನು ಹೇಳ್ತೀನಿ, ನೀವು ಕೇಳಿ," ಅಂದಳು.
"ಹದಿನೈದು ದಿನಕ್ಕೆ ಬೇಕಾದಷ್ಟೇ ತರೋದು.
ನೀರಿನ ಬಾಟ್ಲಿಗಲ್ಲ, ಕಬ್ಬಿಣದ ಕ್ಯಾನಿಗೆ.
ಕುತ್ತಿಗೆವರೆಗೆ ತುಂಬಬಾರ್ದು, ಅದಕ್ಕೂ ಉಸಿರು ಬೇಕು.
ಬಿಸಿಲು ಬೇಡ, ಒಲೆ ಬೇಡ, ಬಚ್ಚಲ ಹಂಡೆ ಹತ್ರ ಬೇಡ.
ಸೀಸನ್ ಮುಗಿದ್ರೆ ಟ್ಯಾಂಕು ಖಾಲಿ ಮಾಡಿ,
ತಾನಾಗೇ ನಿಲ್ಲೋವರೆಗೆ ಓಡಿಸೋದು. ಹೌದಾ?"

"ಕ್ಯಾನಿನ ಮೇಲೆ ತಾರೀಕೂ ಬರೀಬೇಕು."
"ಬರೆಯೋದು ನನ್ನ ಕೈಲಾಗೋದಲ್ಲ.
ಅಮಾಸೆಗೊಂದು ಗೆರೆ ಎಳಿತೀನಿ.
ಎರಡನೇ ಗೆರೆ ಬೀಳಬಾರ್ದು, ಅಷ್ಟೇಯ."

ಮೂರನೇ ಎಳೆತಕ್ಕೆ ಹತ್ತಿತು.
ಹೊಗೆ ತೆಳ್ಳಗೆ, ಊದುಕಡ್ಡಿಯಷ್ಟು.
ನಾನು ಇನ್ನೊಂದು ಸಲ ರೇಸ್ ಕೊಡುವ ಮೊದಲೇ
ಸ್ವಿಚ್ಚು ಅದುಮಿದಳು. "ಸುಮ್ಮನೆ ಯಾಕೆ ಉರಿಸ್ತೀರಿ."

ಮಂಚದಡಿ ಉಳಿದದ್ದು ಇನ್ನೂ ಏಳೆಂಟು ಲೀಟರ್.
ನನಗೆ ಚೈನು, ನಟ್ಟು ತೊಳೆಯಲಿಕ್ಕಾಗುತ್ತದೆ, ತಂದುಕೊಡಿ ಅಂದೆ.
"ಬಸ್ಸಲ್ಲಿ ತರಂಗಿಲ್ಲ. ನೀವೇ ಬನ್ನಿ,"
ಮಿಷನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವಳು ತಿರುಗಿ,
"ಬರುವಾಗ ಬೀಡಿ ಜೇಬಲ್ಲಿಟ್ಕೊಂಡು ಬರಬೇಡಿ, ಅವರು ಕೇಳ್ತಾರೆ."