ಅಳತೆ ರವಿಕೆ

ಮೂವತ್ತೊಂದನೆಯ ಕಂತಿಗೆ ವಾರಪತ್ರಿಕೆ ನಿಂತುಹೋಯಿತು.
ತಾರಿಣಿ ಆಗ ಬಸ್ಸಿನ ಬಾಗಿಲಲ್ಲಿದ್ದಳು,
ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಗಾಳಿಯಲ್ಲಿ,
ಬಾಯಲ್ಲಿ ಸೀಟಿ.
ಬರೆದವರು ಯಾರೋ, ಹೆಸರಿದ್ದ ಮೂಲೆ
ಯಾರ ಮನೆಯಲ್ಲೋ ಒಲೆ ಹಚ್ಚಲು ಹೋಗಿತ್ತು.
ಆ ಕಾಲನ್ನು ಹಾಗೇ ಬಿಡಲಾರದೆ
ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ
ನಾನೇ ಇಳಿಸಿಕೊಂಡೆ ಅವಳನ್ನು, ಸುಂಟಿಕೊಪ್ಪದಲ್ಲಿ,
ನನ್ನ ಹೊಲಿಗೆ ಅಂಗಡಿಯ ಎದುರಿಗೇ.

ರವಿಕೆ ಒಯ್ಯಲು ಬಂದವರು ನೋಟ್‌ಬುಕ್ಕನ್ನೂ ಒಯ್ದರು.
ಮರಳಿ ಬಂದಾಗ ಅಂಚಿನ ತುಂಬ ಪೆನ್ಸಿಲ್ಲು.
"ತಾರಿಣಿ ಚಿಲ್ಲರೆ ಎರಡು ಸಲ ಎಣಿಸುವವಳು, ಇಲ್ಲಿ ಎಣಿಸಿಲ್ಲ."
ಇದು ನರ್ಸ್ ಮುತ್ತಕ್ಕಿ, ಅಕ್ಷರ ಔಷಧಿ ಚೀಟಿಯ ಹಾಗೆ.
"ಅವಳು ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಹದಿನಾಲ್ಕನೆಯ ಕಂತು ನೋಡು."
ನಿವೃತ್ತ ಹವಾಲ್ದಾರ್ ಬೆಳ್ಯಪ್ಪ,
ಹೆಂಡತಿಗೆಂದು ಒಯ್ದು ತಾವೇ ಓದುವವರು.
ಲೈನ್‌ಮನೆಯ ಪೂವಾಯಿಗೆ ಓದು ಬಾರದು.
ಗುಂಡಿ ಹೊಲಿಯುತ್ತ ಕೇಳಿಸಿಕೊಂಡವಳು ತಲೆಯೆತ್ತದೆ ಅಂದಳು:
"ಬಾಗಿಲು ಮೆಲ್ಲಗೆ ಹಾಕಿದಳಾ? ಸುಳ್ಳು. ಅವಳ ಕೈ ಅಂಥದ್ದಲ್ಲ."

ತಿದ್ದಿದೆ. ಸಕ್ಕರೆ ತೆಗೆದೆ, ಬಾಗಿಲು ಬಡಿಸಿದೆ.

ಏಳನೆಯ ನೋಟ್‌ಬುಕ್ಕಿಗೆ ಮಾತ್ರ ಜಗಳವೇ ಆಯಿತು.
ತಾರಿಣಿ ಡ್ಯೂಟಿಯಿಲ್ಲದ ದಿನ ಆರೂವರೆಯ ಬಸ್ಸಿಗೆ ಹೋಗಿ
ಮಾತುಬಿಟ್ಟ ತಂಗಿಯ ಜಗಲಿಯಲ್ಲಿ ನಿಂತು
"ತಪ್ಪಾಯ್ತು" ಅಂದಿದ್ದಳು.
ಆ ಪುಟಕ್ಕೆ ಅಂಚು ಸಾಲಲಿಲ್ಲ, ಹಿಂಬದಿಗೂ ಬರೆದಿದ್ದರು.
ಹತ್ತನೇ ಕ್ಲಾಸಿನ ಫಸೀಲಾ ಒಬ್ಬಳು
"ಹೇಳಲಿ ಬಿಡಿ, ಪಾಪ" ಎಂದು ಬರೆದು
ತಾನೇ ಹೊಡೆದುಹಾಕಿದ್ದಳು.
ಸಂತೆಯ ದಿನ ಮುತ್ತಕ್ಕಿ ಆಸ್ಪತ್ರೆಯಿಂದ ನೇರ ಬಂದಳು,
ದಾರ ಕಟ್ಟಿದ ಹಳೆಯ ಸಂಚಿಕೆಗಳನ್ನು
ನನ್ನ ಕತ್ತರಿಯ ಪಕ್ಕ ಇಟ್ಟಳು,
ಅಳತೆ ರವಿಕೆ ಇಡುವ ಹಾಗೆ.
"ಇದರಂತೆ ಹೊಲಿ, ರುಕಿಯಾ."

ಅಳತೆ ರವಿಕೆ ತಂದವರಿಗೆಲ್ಲ ಕೇಳುತ್ತೇನೆ,
ಇದೆಷ್ಟು ವರ್ಷದ್ದು, ಮೈ ಬದಲಾಗಿದೆಯಾ?
ಇಲ್ಲವೆನ್ನುತ್ತಾರೆ, ಹೊಟ್ಟೆ ಒಳಗೆಳೆದುಕೊಂಡು.
ಟೇಪಿಗೆ ದಾಕ್ಷಿಣ್ಯವಿಲ್ಲ.
ಹಾಗೆಂದು ಮುತ್ತಕ್ಕಿಗೆ ಹೇಳಹೊರಟೆ. ಹೇಳಲಿಲ್ಲ.
ಯಾಕೆಂದರೆ ಆ ಜಗಲಿ, ಊರ ಹೆಸರು ಬರೆಯದಿದ್ದರೂ,
ನೆಲ್ಲಿಹುದಿಕೇರಿಯದು,
ಬಿರುಕುಬಿಟ್ಟ ಮೂರನೆಯ ಮೆಟ್ಟಿಲೂ ಅಲ್ಲಿಯದೇ,
ತಂಗಿ ನಫೀಸಾ,
ಒಂಬತ್ತು ವರ್ಷ ನಾಲಿಗೆಯಡಿ ಇಟ್ಟುಕೊಂಡದ್ದನ್ನು
ಪಾಪದ ಕಂಡಕ್ಟರಿನ ಬಾಯಿಗೆ ತುರುಕಿದವಳು ನಾನು.

ಕರೆಂಟು ಹೋದ ಆ ರಾತ್ರಿ, ಹೊರಗೆ ಕಾಫಿ ಹೂವಿನ ಘಾಟು,
ಮೇಣದಬತ್ತಿಯಲ್ಲಿ ಮೂವತ್ತೊಂದೂ ಕಂತುಗಳನ್ನು
ಒಳಮಗ್ಗುಲು ತಿರುವಿ ನೋಡಿದೆ.
ಹೊಲಿಗೆಯಾಚೆ ಒಂದಿಂಚು ಬಟ್ಟೆ ಬಿಟ್ಟಿರುತ್ತೇವೆ ನಾವು,
ಮುಂದೆಂದಾದರೂ ಬಿಚ್ಚಬೇಕಾದೀತೆಂದು.
ಆ ಬರೆದವರೂ ಬಿಟ್ಟಿದ್ದರು, ಒಂಬತ್ತನೆಯ ಕಂತಿನಲ್ಲಿ:
ಎಂಟಾಣೆಯೊಂದು ಉರುಳಿ
ಮುದುಕಿಯೊಬ್ಬಳ ಕಾಲ ಬಳಿ ನಿಂತಿದೆ,
ತಾರಿಣಿ ನೋಡಿಯೂ ಬಗ್ಗಿಲ್ಲ.
ಕಾರಣ ಬರೆದಿರಲಿಲ್ಲ.
ಅಷ್ಟಗಲ ಸಾಕಾಯಿತು.

ಈಗ ಅವಳು ತಂಗಿಯ ಜಗಲಿಯಲ್ಲಿ ಏನೂ ಅನ್ನುವುದಿಲ್ಲ.
ಚಿಲ್ಲರೆ ಚೀಲವನ್ನು ಅಲ್ಲೇ ಇಟ್ಟು ಬರುತ್ತಾಳೆ,
ಒಂದು ಸಲವೂ ಎಣಿಸದೆ.
ಗೇಟು ಬಡಿಯುತ್ತಾಳೆ, ಎಂದಿನಂತೆ.

"ತಪ್ಪಾಯ್ತು" ಅನ್ನುವುದನ್ನು ಬ್ಲೇಡಿನಿಂದ ಕೆರೆದು ತೆಗೆದೆ.
ಅವಳಿಗೆ ದೊಗಳೆಯಾಗಿತ್ತು.
ನನಗೆ ಆದೀತೋ ಏನೋ, ತೊಟ್ಟು ನೋಡಿಲ್ಲ ಇನ್ನೂ.

ಮುತ್ತಕ್ಕಿ ನಿಂತಲ್ಲೇ ಓದಿದಳು, ಎರಡು ಸಲ.
ಪೆನ್ಸಿಲ್ಲು ತೆಗೆದಳು. ಮತ್ತೆ ಮುಡಿಗೇ ಸಿಕ್ಕಿಸಿದಳು.
ಪೂವಾಯಿ ಹಲ್ಲಿನಿಂದ ದಾರ ಕಡಿದಳು, ಅಷ್ಟೇ.
ಬೆಳ್ಯಪ್ಪನವರದು ಮಾತ್ರ ಒಂದು ತಕರಾರು, ಕೆಂಪು ಶಾಯಿಯಲ್ಲಿ:
"ನೆಲ್ಲಿಹುದಿಕೇರಿಯ ಬಸ್ಸು ಆರೂವರೆಗಲ್ಲ,
ಆರು ನಲವತ್ತಕ್ಕೆ.
ಹೋಗಿ ನೋಡು."