ಸಾಕು, ಹಾಕು

ಬ್ಯಾಡಗಿಯ ಈ ಕಾರ್ಖಾನೆಯಲ್ಲಿ ಹೊಸಬರ ಗುರುತು ಸುಲಭ:
ಸೀನುತ್ತಾರೆ.
ನಾನು ಸೀನುವುದು ಬಿಟ್ಟು ಇಪ್ಪತ್ತೆರಡು ವರ್ಷ.
ಮೆಣಸಿನಕಾಯಿ ಘಾಟು ನನ್ನ ಅಂಗಿಯಲ್ಲಿದೆ, ಬುತ್ತಿಯ ಡಬ್ಬಿಯಲ್ಲಿದೆ,
ಮದುವೆ ಆಲ್ಬಂ ಇಟ್ಟ ಕಪಾಟಿನಲ್ಲೂ ಇದೆ
ಅನ್ನುತ್ತಾಳೆ ಕಸ್ತೂರಿ.

ಬಂದ ಹೊಸದರಲ್ಲಿ ಗೌಸುಮೊದ್ದೀನ ಮಿಸ್ತ್ರಿ
ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಕೈಗಿತ್ತಿದ್ದ.
ತುದಿ ಬೇರಿಂಗಿನ ಮೇಲೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
"ಡಿಗ್ರಿ ಜೇಬಿನ್ಯಾಗ ಇಡ್ರಿ ಸಾಹೇಬ್ರ, ಮೊದಲ ಕೇಳ್ರಿ.
ಮಷೀನು ಸುಳ್ಳ ಹೇಳೂದಿಲ್ಲ.
ಸಣ್ಣ ದನೀಲೆ ಹೇಳತೈತಿ, ಅಷ್ಟ."

ಕೇಳಿದೆ.
ಗ್ರೀಸ್ ತೀರಿದ್ದು, ಕಟಕಟ ರೊಟ್ಟಿ ಮುರಿದ ಹಾಗೆ.
ಬೆಲ್ಟ್ ಸಡಿಲಾದದ್ದು, ಮುದುಕಿ ಎಲಿ ಅಡಿಕಿ ಕುಟ್ಟಿದ ಹಾಗೆ.
ಬೇರಿಂಗ್ ಸಾಯುವ ಮುನ್ನ ಮಾತ್ರ
ಬಹಳ ಮೇಲಿನ ಶ್ರುತಿ,
ಮೂರು ಓಣಿ ಆಚೆ ಯಾರೋ ಚಾಕು ಸಾಣೆ ಹಿಡಿದಂತೆ.
ಆ ದನಿ ಹಿಡಿದೇ ನಾನು ಮೆಂಟೆನನ್ಸಿಗೆ ಹಿರಿಯನಾದೆ.
ಆಗದೆ ಉಳಿದ ಅವಘಡಕ್ಕೆ ಫೋಟೊ ಇರುವುದಿಲ್ಲ,
ಹಾರ ಇರುವುದಿಲ್ಲ,
ಒಂದು ಬಡ್ತಿ ಸಿಕ್ಕಿತು, ಅದೇ ದೊಡ್ಡದು.

ಮೊನ್ನೆ ಹಾವೇರಿಯಿಂದ ವ್ಯಾನು ಬಂತು, ವರ್ಷದ ತಪಾಸಣೆ.
ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ.
ದನಿ ಕೇಳಿದರೆ ಒತ್ತಬೇಕು.
ಒತ್ತಿದೆ, ಒತ್ತಿದೆ, ಆಮೇಲೆ ಸುಮ್ಮನೆ ಕೂತೆ.
ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲವಂತೆ.
ಡಾಕ್ಟರಮ್ಮ ಹಾಳೆ ತೋರಿಸಿದರು: ಗೀಟು ನೆಟ್ಟಗೆ ಬಂದು
ನಾಲ್ಕು ಸಾವಿರ ಹರ್ಟ್ಝ್ ಹತ್ತಿರ ಬಾವಿಗೆ ಬಿದ್ದಿತ್ತು.
"ಪರದೆ ಚೆನ್ನಾಗಿದೆ, ಒಳಗಿನ ನರ ಸೋತಿದೆ.
ಸ, ಶ, ಇಂಥ ಅಕ್ಷರ ಮೊದಲು ಹೋಗುತ್ತವೆ."

ಊಟಕ್ಕೆ ಕೂತಾಗ ತಿಳಿಯಿತು.
ಎರಡು ವರ್ಷದಿಂದ ಕಸ್ತೂರಿಯ ತಾಟಿಗೆ ಮಜ್ಜಿಗೆ ಬಡಿಸುವಾಗ
ಅವಳು 'ಸಾಕು' ಅಂದಷ್ಟೂ ನಾನು ಸುರಿದಿದ್ದೆ.
ನನಗೆ ಕೇಳಿದ್ದು 'ಹಾಕು'.
ಆಮೇಲೆ ಬೈದದ್ದೆಲ್ಲ ಸರಿಯಾಗಿಯೇ ಕೇಳಿತ್ತು,
ಬೈಗುಳದಲ್ಲಿ ದಪ್ಪ ಅಕ್ಷರಗಳೇ ಹೆಚ್ಚು.

ರಾತ್ರಿ ಮಗ್ಗಲು ಬದಲಿಸುತ್ತ ಲೆಕ್ಕ ಹಾಕಿದೆ.
ಎಷ್ಟು ಬೇರಿಂಗ್ ಸಾಕು ಸಾಕು ಅಂದಿರಬೇಕು,
ನಾನು ತಲೆಯಾಡಿಸಿ
ಇನ್ನೊಂದು ಚೀಲ ಸುರಿಸಿರಬೇಕು.

ಗುರುವಾರ, ಪೇಟೆಯ ದಿನ.
ಗೇಟಿನಾಚೆ ಮೋಟೆಬೆನ್ನೂರ ರಸ್ತೆಯುದ್ದ ಕೆಂಪು ಚೀಲದ ಲಾರಿ.
ಎರಡನೇ ಹ್ಯಾಮರ್ ಮಿಲ್ಲಿಗೆ ಸ್ಕ್ರೂಡ್ರೈವರ್ ಹಚ್ಚಿದೆ.
ಗುಂಯ್, ಗುಂಯ್, ಎಲ್ಲ ಕ್ಷೇಮ.
ಈಗ ಕ್ಷೇಮದ್ದೇ ಅಂಜಿಕೆ.
ಐಟಿಐ ಮುಗಿಸಿ ಬಂದ, ಇನ್ನೂ ಸೀನುವ,
ಕದರಮಂಡಲಗಿಯ ದ್ರಾಕ್ಷಾಯಣಿಯನ್ನು ಕರೆದೆ.
ಕಣ್ಣು ಮುಚ್ಚಿದಳು. ಬಂದ ಸೀನು ನುಂಗಿದಳು.
"ಸರ್, ಒಳಗ ಯಾರೋ ಪಿಸುಗುಟ್ಟಾಕತ್ತಾರ್ರಿ."
"ಏನಂತ?"
ಅನುಕರಿಸಿ ತೋರಿಸಿದಳು. ಹಲ್ಲಿನ ಸಂದಿಯಿಂದ ಗಾಳಿ ಹೊರಟದ್ದು ಕಂಡಿತು.
ನನಗೇನೂ ಕೇಳಲಿಲ್ಲ.

ಅಷ್ಟರಲ್ಲಿ ಪ್ರೊಡಕ್ಷನ್ನಿನ ಹುಲ್ಲತ್ತಿಯವರ ಫೋನು:
"ಎರಡು ಟ್ಯಾಂಕರ್ ನಿಂತಾವ. ಇನ್ನೊಂದು ಶಿಫ್ಟ್ ಎಳೀತೈತಿ, ಹಾಕ್ರಿ."
ಗೋಡೆಯಾಚೆ ಹೆಕ್ಸೇನ್.
ಅಲ್ಲಿ ಪಾನಾ ಕೂಡ ಕಂಚಿನವು,
ಕೈ ಜಾರಿದರೂ ಕಿಡಿ ಹಾರದಿರಲೆಂದು.
"ಸಾಕ್ರಿ" ಅಂದೆ.
"ಹಾಂ, ಹಾಕ್ರಿ ಮತ್ತ."
ಅವರೂ ಹತ್ತು ವರ್ಷ ಇದೇ ಶೆಡ್ಡಿನಲ್ಲಿದ್ದವರು.
ಫೋನು ಜೇಬಿಗಿಟ್ಟು ಕೆಂಪು ಗುಂಡಿ ಒತ್ತಿದೆ.
ಅದಕ್ಕೆ ಅಕ್ಷರ ಬೇಕಿಲ್ಲ.

ಬಿಚ್ಚಿದಾಗ ಒಳ ಉಂಗುರದ ಮೇಲೆ
ಕಿರುಬೆರಳ ಉಗುರಿನಷ್ಟು ಚಕ್ಕೆ ಎದ್ದಿತ್ತು,
ಮುಟ್ಟಿದರೆ ಕೈ ಸುಡುತ್ತಿತ್ತು.
ಲಾಗ್ ಬುಕ್ ದ್ರಾಕ್ಷಾಯಣಿಯೇ ಬರೆದಳು.
'ನಿಲ್ಲಿಸಿದ ಕಾರಣ' ಎಂಬಲ್ಲಿ ಒಂದೇ ಮಾತು: ಪಿಸುಮಾತು.
ತಿದ್ದಲು ಪೆನ್ನು ತೆಗೆದವನು
ಕೆಳಗೆ ಸಹಿ ಮಾಡಿದೆ.
ಹನ್ನೊಂದು ತಾಸಿನ ನಷ್ಟಕ್ಕೆ ಸೋಮವಾರ ಮೀಟಿಂಗು.

ರಾತ್ರಿ ಮಜ್ಜಿಗೆ ಚೊಂಬು ಎತ್ತುವ ಮೊದಲು
ಕಸ್ತೂರಿಗೆ ಹೇಳಿದೆ:
ಇನ್ನ ಮ್ಯಾಲೆ ಬಾಯಿಲೆ ಹೇಳಬ್ಯಾಡ,
ತಾಟಿಗೆ ಕೈ ಅಡ್ಡ ಹಿಡಿ.